ಎಲೆಕ್ಟ್ರಾನ್ ಬಿಟ್ಟುಕೊಡಲು ಸೋಡಿಯಂಗೆ ಆತುರವಿಲ್ಲ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲಿ ರಾಸಾಯನಿಕ ಬಂಧದ ಪ್ರಶ್ನೋತ್ತರಗಳು ಪ್ರಕಟವಾಗುತ್ತವೆ. ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಬಯಸುತ್ತದೆ, ಕ್ಲೋರಿನ್ ಅದನ್ನು ಪಡೆಯಲು ಕಾದಿರುತ್ತದೆ, ಹೀಗೆ ಎರಡಕ್ಕೂ ಅಷ್ಟಕ (ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು) ಪೂರ್ಣವಾಗಿ ಅಡುಗೆ ಉಪ್ಪು ಉಂಟಾಗುತ್ತದೆ ಎಂಬಲ್ಲಿಗೆ ಅವುಗಳ ವಿವರಣೆ ಮುಗಿಯುತ್ತದೆ. ಅಂಕ ಗಳಿಸಲು ಇಷ್ಟು ಸಾಕಾಗಬಹುದು. ಬಂಧ ಏಕೆ ಏರ್ಪಡುತ್ತದೆ ಎಂಬ ಪ್ರಶ್ನೆಗೆ ಮಾತ್ರ ಇದು ಉತ್ತರವಲ್ಲ.

ಸೋಡಿಯಂ ಪರಮಾಣುವಿನ 11 ಎಲೆಕ್ಟ್ರಾನುಗಳು 2, 8, 1 ಎಂದು ಹಂಚಿಕೆಯಾಗಿವೆ. ಒಳಗಿನ ಹತ್ತು ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸೆಳೆತವನ್ನು ಬಹುಮಟ್ಟಿಗೆ ತಡೆಯುವುದರಿಂದ ಹೊರಗಿನದರ ಮೇಲಿನ ಹಿಡಿತ ಸಡಿಲವಾಗಿರುವುದು ನಿಜ. ಆದರೂ ಹಿಡಿತ ಇದ್ದೇ ಇದೆ. ಅನಿಲ ರೂಪದ ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಕಣಗಳನ್ನು ಎಣಿಸುವ ನಿಗದಿತ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಆ ಎಲೆಕ್ಟ್ರಾನುಗಳನ್ನು ಕೀಳಲು ಸುಮಾರು 496 ಕಿಲೋಜೌಲ್ ಶಕ್ತಿ ಬೇಕು. ಅವುಗಳನ್ನು ಸ್ವೀಕರಿಸುವಾಗ ಕ್ಲೋರಿನ್ ಪರಮಾಣುಗಳು ಹೊರಬಿಡುವುದು ಸುಮಾರು 349 ಮಾತ್ರ. ಅಂದರೆ ಈ ವರ್ಗಾವಣೆಯೊಂದನ್ನೇ ನೋಡಿದರೆ 147 ಕಿಲೋಜೌಲ್ ನಷ್ಟ! ಘನ ಸೋಡಿಯಮನ್ನು ಬಿಡಿ ಪರಮಾಣುಗಳಾಗಿಸುವ 107, ಕ್ಲೋರಿನ್ ಅಣುಗಳನ್ನು ಒಡೆಯುವ 122 ಸೇರಿದರೆ ಕೊರತೆ 376ಕ್ಕೆ ಏರುತ್ತದೆ. ಇದನ್ನು ತುಂಬಿಕೊಡುವುದು ಧನ ಮತ್ತು ಋಣ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಮತ್ತು ಪಡೆದ ಪರಮಾಣುಗಳ, ನಡುವಿನ ವಿದ್ಯುತ್ ಆಕರ್ಷಣೆ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ ಅಯಾನುಗಳು ನೆಲೆನಿಂತು ಹರಳು ಕಟ್ಟುವಾಗ ಸುಮಾರು 787 ಕಿಲೋಜೌಲ್ ಹೊರಬಂದು, ಎಲ್ಲ ಖರ್ಚು ಕಳೆದ ಮೇಲೂ 411 ಉಳಿಯುತ್ತದೆ. ಉಪ್ಪನ್ನು ಕಾಯಿಸಿ ದ್ರವವಾಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದೂ ಈ ಆಕರ್ಷಣೆಯಿಂದಲೇ. ಚೆನ್ನಾಗಿ ಬೆಳೆದ ಉಪ್ಪಿನ ಹರಳೊಂದರ ಮೇಲೆ ಬ್ಲೇಡಿನ ಅಂಚನ್ನಿಟ್ಟು ಮೆಲ್ಲಗೆ ತಟ್ಟಿದರೆ ಅದು ನುಣುಪಾದ ಸಪಾಟು ಮುಖಗಳಲ್ಲಿ ಸೀಳುತ್ತದೆ. ಪದರವೊಂದು ತುಸು ಸರಿದೊಡನೆ ಒಂದೇ ಬಗೆಯ ಅಯಾನುಗಳು ಎದುರುಬದುರಾಗಿ ಪರಸ್ಪರ ತಳ್ಳುತ್ತವೆ. ಖರ್ಚಿಲ್ಲದೆ ತರಗತಿಯಲ್ಲೇ ತೋರಿಸಬಹುದಾದ ಇದನ್ನು ತೋರಿಸುವವರು ಕಡಿಮೆ.

ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಬಂಧ ಏರ್ಪಡುತ್ತದೆಂದು ಅಮೆರಿಕದ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ವಿವರಿಸಿದಾಗಲೂ ಎಂಟರ ಲೆಕ್ಕ ಒಂದು ಉಪಯುಕ್ತ ಸೂತ್ರವಾಗಿತ್ತೇ ಹೊರತು ಕಾರಣವಾಗಿರಲಿಲ್ಲ. ಇಂಗಾಲ, ಸಾರಜನಕ, ಆಮ್ಲಜನಕಗಳಿಗೆ ಅದು ಸೊಗಸಾಗಿ ಒಪ್ಪುತ್ತದೆ. ಆದರೆ ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನಿನ ಸುತ್ತ ಇರುವುದು ಆರೇ ಎಲೆಕ್ಟ್ರಾನುಗಳು. ನೈಟ್ರಿಕ್ ಆಕ್ಸೈಡಿನ ಹೊರ ಎಲೆಕ್ಟ್ರಾನುಗಳು ಒಟ್ಟು ಹನ್ನೊಂದಾದ್ದರಿಂದ ಎರಡೂ ಪರಮಾಣುಗಳಿಗೆ ಅಷ್ಟಕ ಸಿಗುವಂತೆಯೇ ಇಲ್ಲ. ಅಷ್ಟಕ ಪೂರ್ಣವಾಗಿಯೇ ಇರುವ ಕ್ಸೆನಾನ್ ಕೂಡ ಸಂಯುಕ್ತವಾಗಬಲ್ಲದೆಂದು ರಸಾಯನವಿಜ್ಞಾನಿ ನೀಲ್ ಬಾರ್ಟ್ಲೆಟ್ 1962ರಲ್ಲೇ ತೋರಿಸಿದ್ದಾರೆ. ಪರಮಾಣುವಿಗೆ ಬಯಕೆಯನ್ನು ಹೊರಿಸಿದ ವಿವರಣೆ ಇಲ್ಲೆಲ್ಲ ಮುಗ್ಗರಿಸುತ್ತದೆ. ಒಟ್ಟಾದಾಗ ಶಕ್ತಿ ತಗ್ಗುತ್ತದೆಯೇ ಎಂದು ಕೇಳಿದರೆ ಮುಗ್ಗರಿಸಬೇಕಾಗಿಲ್ಲ. ಎರಡು ಜಲಜನಕ ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಅಣುವಾಗುವಾಗ ಮೋಲಿಗೆ ಸುಮಾರು 436 ಕಿಲೋಜೌಲ್ ಹೊರಬೀಳುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ.

ಹತ್ತನೇ ತರಗತಿಯವರಿಗೆ ಇದು ಭಾರವಾದೀತು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಬೇಕಾದುದು ಕೂಡುವುದು, ಕಳೆಯುವುದು ಮಾತ್ರ. ತಮ್ಮ ವಿದ್ಯಾರ್ಥಿ ಪುಟದಲ್ಲಿ ಎಲೆಕ್ಟ್ರಾನುಗಳನ್ನು ತೋರಿಸುವ ಚುಕ್ಕಿಗಳ ಚಿತ್ರದ ಪಕ್ಕದಲ್ಲಿ ಈ ಐದಾರು ಅಂಕಿಗಳನ್ನೂ ಅಚ್ಚು ಹಾಕಬೇಕೆಂದು, "ಬಯಸುತ್ತದೆ" ಎಂಬ ಕ್ರಿಯಾಪದವನ್ನು ಉತ್ತರಗಳಿಂದ ತೆಗೆಯಬೇಕೆಂದು ಕೋರುತ್ತೇನೆ.

ಇಂತಿ,
ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕ, ಧಾರವಾಡ