ಹೆಣ್ಣುಮಕ್ಕಳ ಬಾಕ್ಸಿಂಗ್ ಫಲಿತಾಂಶಕ್ಕೂ ಜಿಲ್ಲಾ ಪುಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಐರ್ಲೆಂಡಿನ ಬಾಕ್ಸರ್ ಕೇಟಿ ಟೇಲರ್ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಪೋರ್ಟೊ ರಿಕೊದ ಬಾಕ್ಸರ್ ಅಮಾಂಡಾ ಸೆರಾನೊ ಜೊತೆಗಿನ ಮೂರು ಕಾದಾಟ, ಡಾಲರ್ ಲೆಕ್ಕ ಎಲ್ಲವೂ ಚೆನ್ನಾಗಿ ಬಂದಿತ್ತು. ಆದರೆ ಪ್ರೊಫೆಷನಲ್ ಆಗುವುದಕ್ಕೆ, ಅಂದರೆ ದುಡ್ಡಿಗಾಗಿ ಆಡುವುದಕ್ಕೆ, ಮೊದಲು ಕೇಟಿ ಅಮೆಚೂರ್ (ಹವ್ಯಾಸಿ) ಆಗಿ ಕಳೆದ ಹದಿನೈದು ವರ್ಷ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಶಾಲೆ ಬಿಟ್ಟ ಮೇಲೆ ಆಸಕ್ತಿ ಇರುವ ಹುಡುಗಿಯರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ನನ್ನ ಮಕ್ಕಳಿಗೆ ಓದಿ ಹೇಳಬೇಕಾದದ್ದು ಆ ಬಿಟ್ಟುಹೋದ ವರ್ಷಗಳ ಕಥೆಯನ್ನೇ. ಅದಕ್ಕೇ ಈ ಪತ್ರ.

ಕೇಟಿ ಹುಟ್ಟಿದ್ದು 1986ರಲ್ಲಿ, ಡಬ್ಲಿನ್ನಿಗೆ ಹತ್ತಿರದ ಬ್ರೇ ಎಂಬ ಕಡಲತೀರದ ಊರಿನಲ್ಲಿ. ಅಪ್ಪ ಪೀಟ್ ಟೇಲರ್ ಸ್ವತಃ ಬಾಕ್ಸರ್, ಮಗಳಿಗೂ ಅವರೇ ಕೋಚ್. ಆಗ ಆ ದೇಶದಲ್ಲಿ ಹುಡುಗಿಯರ ಬಾಕ್ಸಿಂಗಿಗೆ ಮಾನ್ಯತೆಯೇ ಇರಲಿಲ್ಲ. ಹಾಗಾಗಿ ಪಟ್ಟಿಯಲ್ಲಿ ಬರೀ ‘ಕೆ. ಟೇಲರ್’ ಎಂದು ಬರೆಸಿ, ಕೂದಲನ್ನು ಹೆಡ್‌ಗಾರ್ಡಿನೊಳಗೆ ಅಡಗಿಸಿ ಹುಡುಗರ ಜೊತೆ ಆಡುತ್ತಿದ್ದರು. 2001ರ ಅಕ್ಟೋಬರ್ 31ರಂದು ಡಬ್ಲಿನ್ನಿನ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ ಐರ್ಲೆಂಡಿನ ಮೊದಲ ಅಧಿಕೃತ ಮಹಿಳಾ ಬೌಟ್ (ಬಾಕ್ಸಿಂಗ್ ಪಂದ್ಯ) ನಡೆಯಿತು. ಅದರಲ್ಲಿ ಗೆದ್ದವರು ಹದಿನೈದು ವರ್ಷದ ಕೇಟಿ. ಪೂರ್ತಿ ಹೆಸರಿನಲ್ಲಿ, ಹುಡುಗಿಯಾಗಿಯೇ ಗೆದ್ದರು. ಎಂಟನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬಳು, “ಮಿಸ್, ಅದುವರೆಗೂ ಅವರು ಗೆದ್ದಿದ್ದೆಲ್ಲ ಲೆಕ್ಕಕ್ಕೆ ಬರ್ಲಿಲ್ವಾ?” ಎಂದು ಕೇಳಿದಳು. ಸರಿಯಾದ ಪ್ರಶ್ನೆ ಅದು.

ಅವರು ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು ನಮ್ಮ ದೇಶದಲ್ಲೇ, 2006ರಲ್ಲಿ, ನವದೆಹಲಿಯಲ್ಲಿ. ನಿಮ್ಮ ಬರಹದಲ್ಲಿ ಇದು ಇರಲೇಬೇಕಿತ್ತು. ಅದೇ ಕೂಟದಲ್ಲಿ ಮೇರಿ ಕೋಮ್ ಚಿನ್ನ ಗೆದ್ದರು, ನಮ್ಮ ಪಕ್ಕದ ಕೇರಳದ ಕೆ.ಸಿ. ಲೇಖಾ 75 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದರು. ಮೇರಿ ಕೋಮ್ ಎಲ್ಲರಿಗೂ ಗೊತ್ತು. ಲೇಖಾ ಹೆಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಕೇಳಿದ್ದಾರೆ? ಕೇಟಿ ಆಮೇಲೆ 2008, 2010, 2012, 2014ರಲ್ಲೂ ವಿಶ್ವ ಚಾಂಪಿಯನ್ ಆದರು. ಸತತ ಐದು ಸಲ.

ಲಂಡನ್ ಒಲಿಂಪಿಕ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಹೆಣ್ಣುಮಕ್ಕಳ ಬಾಕ್ಸಿಂಗ್ ಒಲಿಂಪಿಕ್ಸಿಗೆ ಬಂದಿದ್ದೇ 2012ರಲ್ಲಿ. ಉದ್ಘಾಟನೆಯ ದಿನ ಐರ್ಲೆಂಡಿನ ಬಾವುಟ ಹಿಡಿದವರು ಕೇಟಿ. 60 ಕೆ.ಜಿ. ವಿಭಾಗದ ಕ್ವಾರ್ಟರ್ ಫೈನಲ್ಲಿನಲ್ಲಿ ಬ್ರಿಟನ್ನಿನ ನತಾಶಾ ಜೋನಾಸ್ ವಿರುದ್ಧ 26–15, ಸೆಮಿಫೈನಲ್ಲಿನಲ್ಲಿ ತಜಿಕಿಸ್ತಾನದ ಮವ್ಜುನಾ ಚೊರಿಯೇವಾ ವಿರುದ್ಧ 17–9, ಫೈನಲ್ಲಿನಲ್ಲಿ ರಷ್ಯಾದ ಸೋಫಿಯಾ ಒಚಿಗಾವಾ ವಿರುದ್ಧ 10–8. ಆಗ ಎರಡೆರಡು ನಿಮಿಷದ ನಾಲ್ಕು ರೌಂಡ್. ತಗುಲಿದ ಪ್ರತಿ ಸ್ಪಷ್ಟ ಹೊಡೆತಕ್ಕೆ ಒಂದು ಪಾಯಿಂಟ್. ಎಂಟು ನಿಮಿಷದಲ್ಲಿ ಬರೀ ಎರಡು ಪಾಯಿಂಟ್ ಅಂತರ ಎಂದರೆ ಒಂದು ಹೊಡೆತ ತಪ್ಪಿಸಿಕೊಂಡಿದ್ದಕ್ಕೂ ಎಷ್ಟು ಬೆಲೆ ಇತ್ತು ನೋಡಿ. ಎದುರಾಳಿ ಕೈ ಚಾಚಿದಾಗ ಅರ್ಧ ಹೆಜ್ಜೆ ಹಿಂದಕ್ಕೆ ಸರಿದು, ಆ ಕೈ ವಾಪಸ್ ಹೋಗುವುದರೊಳಗೆ ಎರಡು ಹೊಡೆತ ಕೊಟ್ಟು ಪಕ್ಕಕ್ಕೆ ಹೋಗುವುದನ್ನು ಅವರು ಆ ವರ್ಷಗಳಲ್ಲೇ ಕಲಿತದ್ದು. ಅಮೆಚೂರ್ ಕೂಟದಲ್ಲಿ ಒಂದೇ ವಾರದಲ್ಲಿ ಮೂರು ನಾಲ್ಕು ಬೇರೆ ಬೇರೆ ದೇಶದವರನ್ನು ಎದುರಿಸಬೇಕು. ನಿನ್ನೆಯ ಏಟು ಆರುವ ಮೊದಲೇ ಇವತ್ತು ತೂಕ ಮೀರಿಲ್ಲ ಎಂದು ತೋರಿಸಲು ಮತ್ತೆ ತಕ್ಕಡಿ ಹತ್ತಬೇಕು.

ಈ ತೂಕದ ಕಷ್ಟ ನನ್ನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ಒಳ್ಳೆಯ ತಕ್ಕಡಿ ಇಲ್ಲ. ಪಕ್ಕದ ತೋಟದಲ್ಲಿ ಸಂಜೆ ಹಣ್ಣು ತೂಗಿ ಮುಗಿದ ಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಅನುಮತಿ ಕೇಳಿ, ಆ ಕಾಟಾದ ಮೇಲೆ ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಕೂಟ ಹತ್ತಿರ ಬಂದಾಗ 48ರ ಹುಡುಗಿ 48.6 ತೋರಿಸಿದರೆ ಚಪ್ಪಲಿ, ಸ್ವೆಟರ್, ಕಿವಿಯೋಲೆ ಎಲ್ಲ ಬಿಚ್ಚಿಟ್ಟು ಮತ್ತೆ ಹತ್ತುತ್ತಾಳೆ. ಸುಗ್ಗಿ ಇಲ್ಲದಾಗ ಕಾಫಿ ಕಣವೇ ನಮ್ಮ ರಿಂಗ್, ಸುಣ್ಣದಲ್ಲಿ ಚೌಕ ಎಳೆದುಕೊಳ್ಳುತ್ತೇವೆ. ಡಿಸೆಂಬರ್ ಬಂತೆಂದರೆ ಕಣದ ತುಂಬ ಕಾಫಿ, ಜೂನ್ ಬಂತೆಂದರೆ ಮಳೆ. ಆಗೆಲ್ಲ ಶಾಲೆಯ ಜಗುಲಿಯೇ ಗತಿ. ಗೋಣಿಚೀಲದೊಳಗೆ ಹಳೇ ಬಟ್ಟೆ ತುಂಬಿ ಪಂಚಿಂಗ್ ಬ್ಯಾಗ್ ಮಾಡಿಕೊಂಡಿದ್ದೇವೆ. ಮರದ ಹೊಟ್ಟು ತುಂಬಿದರೆ ಮಳೆಗಾಲದಲ್ಲಿ ತೇವ ಹೀರಿ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮಣಿಕಟ್ಟು ಉಳುಕುತ್ತದೆ. ಬ್ಯಾಂಡೇಜ್ ಸುತ್ತುವುದನ್ನಂತೂ ಗ್ಲೌಸ್ ಕೊಡುವ ಮೊದಲೇ ಕಲಿಸುತ್ತೇನೆ: ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಗೆಣ್ಣಿನ ಮೇಲೆ ಮೂರು ಸುತ್ತು, ಆಮೇಲೆ ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ಎಳೆದು ತಂದು ಮತ್ತೆ ಮಣಿಕಟ್ಟಿಗೆ. ಕೈ ಬಿಚ್ಚಿದರೆ ಸಡಿಲ, ಮುಷ್ಟಿ ಹಿಡಿದರೆ ಬಿಗಿ ಆಗಬೇಕು.

ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ ಮಾತು, “ಇದ್ರಲ್ಲಿ ದುಡ್ಡು ಯಾವಾಗ ಬರುತ್ತೆ ಮೇಡಂ?” ತೋಟದ ಲೈನಿನಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ಇರುವವರು ಅದನ್ನು ಕೇಳುವುದರಲ್ಲಿ ಏನೂ ತಪ್ಪಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕೇಟಿ ಟೇಲರ್ 2016ರ ರಿಯೋ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲ್ಲಿನಲ್ಲಿ ಫಿನ್ಲೆಂಡಿನ ಮಿರಾ ಪೊಟ್ಕೊನೆನ್‌ಗೆ ಸೋತರು. ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಪ್ರೊಫೆಷನಲ್ ಆಗಿ ಮೊದಲ ಬೌಟ್ ಆಡಿದಾಗ ಅವರಿಗೆ ಮೂವತ್ತು ವರ್ಷ. ಒಂದು ವರ್ಷ ತುಂಬುವುದರೊಳಗೆ ಕಾರ್ಡಿಫ್‌ನಲ್ಲಿ ವಿಶ್ವ ಪಟ್ಟ, 2019ರಲ್ಲಿ ಬೆಲ್ಜಿಯಮ್ಮಿನ ಡೆಲ್ಫಿನ್ ಪರ್ಸೂನ್ ವಿರುದ್ಧ ಗೆದ್ದು ಲೈಟ್‌ವೇಟ್ ತೂಕದ ವಿಭಾಗದ ನಾಲ್ಕೂ ವಿಶ್ವ ಪಟ್ಟದ ಬೆಲ್ಟ್. ಆ ಗೆಲುವಿನ ಬಗ್ಗೆ ತಕರಾರು ಎದ್ದಿತು. ಅವರು ಮರುವರ್ಷವೇ ಪರ್ಸೂನ್ ಜೊತೆ ಮತ್ತೆ ಆಡಿ ಗೆದ್ದು ತೋರಿಸಿದರು. ಇಷ್ಟು ಬೇಗ ಮೇಲೆ ಹೋಗಲು ಆದದ್ದು ಆ ಹದಿನೈದು ವರ್ಷ ಕೈಯಲ್ಲಿ, ಕಾಲಲ್ಲಿ ಕೂತಿದ್ದರಿಂದ. ಲಂಡನ್ನಿನಲ್ಲಿ ಎದುರಾಗಿದ್ದ ನತಾಶಾ ಜೋನಾಸ್ 2021ರಲ್ಲಿ ಪಟ್ಟಕ್ಕಾಗಿ ಮತ್ತೆ ಎದುರಾದರು, ಆಗಲೂ ಕೇಟಿ ಗೆದ್ದರು.

2022ರ ಏಪ್ರಿಲ್ 30ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊಟ್ಟಮೊದಲ ಬಾರಿಗೆ ಇಬ್ಬರು ಹೆಣ್ಣುಮಕ್ಕಳ ಬೌಟ್ ಮುಖ್ಯ ಸ್ಪರ್ಧೆ ಆಯಿತು. ಐದನೇ ರೌಂಡಿನಲ್ಲಿ ಸೆರಾನೊ ಏಟಿಗೆ ಕೇಟಿ ತತ್ತರಿಸಿದರು. ನಾನು ಆ ರೌಂಡನ್ನು ಮಕ್ಕಳಿಗೆ ಮೊಬೈಲಿನಲ್ಲಿ ನಿಧಾನಕ್ಕೆ ತೋರಿಸುತ್ತೇನೆ: ಪೆಟ್ಟು ಬಿದ್ದ ಮೇಲೂ ಕಣ್ಣು ಮುಚ್ಚುವುದಿಲ್ಲ, ಕೈ ಕೆಳಗೆ ಇಳಿಯುವುದಿಲ್ಲ, ಹಗ್ಗದ ಬಳಿಯಿಂದ ಹೇಗೋ ದಾರಿ ಮಾಡಿಕೊಂಡು ಬರುತ್ತಾರೆ. ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಕೇಟಿ ಕಡೆ. 2023ರ ಮೇ ತಿಂಗಳಲ್ಲಿ ತಮ್ಮ ಸ್ವಂತ ಡಬ್ಲಿನ್ನಿನ ಜನರ ಮುಂದೆ ಇಂಗ್ಲೆಂಡಿನ ಶಾಂಟೆಲ್ ಕ್ಯಾಮರಾನ್‌ಗೆ ಸೋತರು, ನವೆಂಬರಿನಲ್ಲಿ ಅದೇ ಊರಲ್ಲಿ, ಅದೇ ಎದುರಾಳಿಯ ವಿರುದ್ಧ ಗೆದ್ದರು. ಸೆರಾನೊ ಜೊತೆ 2024ರಲ್ಲಿ, 2025ರಲ್ಲಿ ಮತ್ತೆರಡು ಸಲ ಆಡಿ ಎರಡನ್ನೂ ಗೆದ್ದಿದ್ದು ನೀವೇ ಬರೆದಿದ್ದೀರಿ.

ಅಷ್ಟು ವರ್ಷ ಒಬ್ಬ ಹುಡುಗಿ ಈ ಆಟದಲ್ಲಿ ಉಳಿಯಬೇಕಾದರೆ ಅವಳು ಆಡುತ್ತಿದ್ದಾಳೆ ಎಂಬುದು ಊರಿಗೆ ಗೊತ್ತಿರಬೇಕು. ಪತ್ರಿಕೆ ಕೆಲಸಕ್ಕೆ ಬರುವುದು ಇಲ್ಲೇ. ನಮ್ಮ ಶಾಲೆಯ ಕಬಡ್ಡಿ ತಂಡದ ಫೋಟೊ ಜಿಲ್ಲಾ ಪುಟದಲ್ಲಿ ಬಂದಾಗ ಒಬ್ಬ ಹುಡುಗಿಯ ಅಪ್ಪ ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಬಾಗಿಲ ಮೇಲೆ ಹಾಕಿದ್ದಾರೆ. ಅವಳನ್ನು ಪಿ.ಯು. ಬಿಡಿಸುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಅದೇ ಲೈನಿನ ಇನ್ನೊಬ್ಬಳು ಬಾಕ್ಸಿಂಗಿನಲ್ಲಿ ಬೇರೆ ಜಿಲ್ಲೆಗೆ ಹೋಗಿ ಬೆಳ್ಳಿ ಗೆದ್ದು ಬಂದಳು. ಎಲ್ಲೂ ಒಂದಕ್ಷರ ಬರಲಿಲ್ಲ. ಮುಂದಿನ ಸಲ ಹೊರಡುವಾಗ ಮನೆಯವರು ಕಳಿಸಲಿಲ್ಲ, ಈಗ ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಎಡಗೈ ಜ್ಯಾಬ್‌ನಷ್ಟು (ಮುಂದಿನ ಕೈಯ ನೇರ ಹೊಡೆತದಷ್ಟು) ನೇರವಾದದ್ದನ್ನು ನಾನು ಮತ್ತೆ ನೋಡಿಲ್ಲ, ನೆನಪಾದರೆ ಸಂಕಟವಾಗುತ್ತದೆ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತ ಕ್ರಿಕೆಟ್ ತಂಡಕ್ಕೆ ಆಡಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಹುಡುಗಿಯರು ಬ್ಯಾಟ್ ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಬಾಕ್ಸಿಂಗಿಗೆ ಇನ್ನೂ ಆ ದಿನ ಬಂದಿಲ್ಲ.

ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಪುಟದಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಫಲಿತಾಂಶಕ್ಕೆ ನಾಲ್ಕು ಸಾಲು ಜಾಗ ಕೊಡಿ. ಗೆದ್ದವಳ ಹೆಸರು, ಸೋತವಳ ಹೆಸರು, ತೂಕದ ವಿಭಾಗ, ಶಾಲೆ, ಊರು. ಇನಿಷಿಯಲ್ ಮಾತ್ರ ಹಾಕಬೇಡಿ, ಪೂರ್ತಿ ಹೆಸರು ಹಾಕಿ. ಫೋಟೊ ಇಲ್ಲದಿದ್ದರೂ ಪರವಾಗಿಲ್ಲ. ಕೂಟ ಮುಗಿದ ದಿನವೇ ಸಂಜೆ ಏಳರೊಳಗೆ ನಿಮ್ಮ ಮೂಡಿಗೆರೆ ವರದಿಗಾರರಿಗೆ ವಿವರವನ್ನು ನಾನೇ ವಾಟ್ಸಾಪ್ ಮಾಡುತ್ತೇನೆ, ಹೆಸರುಗಳನ್ನು ಶಾಲಾ ದಾಖಲಾತಿ ನೋಡಿ ಸರಿಯಾಗಿ ಬರೆದು ಕಳಿಸುತ್ತೇನೆ. ಮಳೆಗಾಲ ಮುಗಿದೊಡನೆ ಕೂಟಗಳು ಶುರುವಾಗುತ್ತವೆ, ಈ ಸಲ ನಮ್ಮ ಶಾಲೆಯಿಂದ 46 ಮತ್ತು 48 ಕೆ.ಜಿ. ವಿಭಾಗಗಳಿಗೆ ಹುಡುಗಿಯರು ತಯಾರಾಗುತ್ತಿದ್ದಾರೆ.

ಇಂತಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ