ಕೊತ್ತಂಬರಿ ಪಾತಿಯೂ ಮೂರು ಬೆಕ್ಕುಗಳೂ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವು,

ಮೊನ್ನೆ ನೀನು ಫೋನ್ ಮಾಡಿ, ಬೆಕ್ಕು ಬಂದು ಸೊಪ್ಪಿನ ಪಾತಿಯಲ್ಲಿ ಗಲೀಜು ಮಾಡುತ್ತೆ, ಏನು ಮಾಡಲಿ ಅಂತ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಒಬ್ಬರು ಚುರುಮುರಿ ತಿನ್ನುತ್ತಿದ್ದರು. ಅವರ ಎದುರು ಬೆಕ್ಕಿನ ಕಕ್ಕದ ಬಗ್ಗೆ ಹೇಗೆ ಮಾತಾಡಲಿ ಹೇಳು? ಅದಕ್ಕೇ "ಆಮೇಲೆ ಹೇಳ್ತೀನಿ" ಅಂತ ಇಟ್ಟುಬಿಟ್ಟೆ. ಕೂತು ಬರೆಯುವುದೇ ಮೇಲು ಅನ್ನಿಸಿತು. ಈ ವಿಷಯದಲ್ಲಿ ನಾನು ಎರಡು ವರ್ಷ ಒದ್ದಾಡಿದವನು.

"ಬೇಕೂ ಅಂತ ನಮ್ಮ ಪಾತಿಗೇ ಬರುತ್ತೆ ಕಣೋ" ಅಂದೆಯಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಮೈಸೂರಿನಲ್ಲಿ ನಮ್ಮ ಹಿತ್ತಲು ನಿನಗೆ ಗೊತ್ತಲ್ಲ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾಲ್ಕು ಪಾತಿ. ಭಾನುವಾರ ಮಣ್ಣು ಕೆದಕಿ, ಹೆಂಟೆ ಒಡೆದು, ಜರಡಿ ಹಿಡಿದ ಸಗಣಿ ಗೊಬ್ಬರ ಬೆರೆಸಿ ಕೊತ್ತಂಬರಿ ಬೀಜ ಚೆಲ್ಲುತ್ತಿದ್ದೆ. ಸೋಮವಾರ ಬೆಳಿಗ್ಗೆ ನೋಡಿದರೆ ನಡುವೆ ಒಂದು ಗುಂಡಿ, ಒಂದು ಗುಡ್ಡೆ, ಮತ್ತೆ ಆ ವಾಸನೆ. ಹದಿನೈದು ದಿನ ಬಿಟ್ಟು ಮೊಳಕೆ ಬಂದಾಗ ಎಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ಬಂದಿರುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಕೊತ್ತಂಬರಿಗೆ ಪ್ರಾಣಸಂಕಟ.

ಪಕ್ಕದ ಮನೆ ಟೀಚರ್ ಒಂದು ಕೆಂದು ಬೆಕ್ಕು ಸಾಕಿದ್ದಾರೆ. ಅದೇ ಕಳ್ಳ ಅಂತ ತೀರ್ಮಾನ ಮಾಡಿ ಕಾಂಪೌಂಡ್ ಹತ್ತಿರ ನಿಂತು ಸ್ವಲ್ಪ ಜಾಸ್ತಿಯೇ ಮಾತಾಡಿದೆ. ಅವರು ಹೇಳಿದ್ದು ಒಂದೇ ಮಾತು: "ಅದು ಮನೆ ಒಳಗೆ ಟ್ರೇಯಲ್ಲೇ ಕಕ್ಕ ಮಾಡುತ್ತೆ ಸಾರ್." ನಾನು ನಂಬಲಿಲ್ಲ. ಒಂದು ದಿನ ನಿದ್ದೆ ಬಾರದೆ ಬೆಳಗಿನ ಜಾವ ಹಿತ್ತಲ ಬಾಗಿಲಲ್ಲಿ ಕಾಫಿ ಹಿಡಿದು ಕೂತಿದ್ದೆ. ಬಂದವು ನೋಡು. ಮೊದಲು ಒಂದು ಕಪ್ಪು-ಬಿಳಿ ಗಂಡು, ಆಮೇಲೆ ಮೈ ಮೇಲೆ ಪಟ್ಟೆ ಇರುವ ಒಂದು ಬಡಕಲು, ಅದರ ಹಿಂದೆ ಒಂದು ಮರಿ. ಮೂರೂ ಬೀದಿಯವು. ಕೆಂದು ಬೆಕ್ಕು ಟೀಚರ ಮನೆ ಕಿಟಕಿಯೊಳಗೆ ಕೂತು ನನ್ನ ಜೊತೆ ಇದನ್ನೆಲ್ಲ ನೋಡುತ್ತಿತ್ತು. ಟೀಚರಿಗೆ ನಾನು ಇನ್ನೂ ಸರಿಯಾಗಿ ತಪ್ಪಾಯಿತು ಅಂದಿಲ್ಲ. ಒಂದು ಕಟ್ಟು ಬಸಳೆ ಕೊಟ್ಟು ಬಂದಿದ್ದೇನೆ. ಅವರಿಗೆ ಅರ್ಥವಾಗಿರಬೇಕು.

ಅವತ್ತು ನನಗೊಂದು ವಿಷಯ ಹೊಳೆಯಿತು. ಬೆಕ್ಕು ಹುಡುಕುವುದು ಬರಿ ಮಣ್ಣು. ಒಣಗಿರಬೇಕು, ಸಡಿಲ ಇರಬೇಕು, ಮೇಲೆ ಏನೂ ಇರಬಾರದು. ಕೆರೆಯುವುದಕ್ಕೆ ಸುಲಭ, ಮುಚ್ಚುವುದಕ್ಕೂ ಸುಲಭ. ಸೊಪ್ಪು ದಟ್ಟವಾಗಿ ಬೆಳೆದ ಪಾತಿಯನ್ನು ಅವು ಮೂಸಿಯೂ ನೋಡಲಿಲ್ಲ. ಅಂದರೆ ಪ್ರತಿ ಭಾನುವಾರ ಬೆವರು ಸುರಿಸಿ ಅವಕ್ಕೆ ಹಾಸಿಗೆ ಹಾಸಿಕೊಡುತ್ತಿದ್ದವನು ನಾನೇ! ಒಮ್ಮೆ ಹೋದ ಕಡೆ ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತವೆ.

ಅದಕ್ಕೂ ಮುಂಚೆ ನಾನು ಮಾಡಿದ ಪೆದ್ದುತನಗಳನ್ನು ಹೇಳಿಬಿಡುತ್ತೇನೆ, ನೀನು ಮಾಡಬೇಡ. ಬಾಟಲಿಗೆ ನೀಲಿ ನೀರು ತುಂಬಿ ಗೇಟಿನ ಮುಂದೆ ಇಟ್ಟರೆ ನಾಯಿ ಬರುವುದಿಲ್ಲ ಅಂತ ನಮ್ಮ ಬೀದಿಯಲ್ಲಿ ಅರ್ಧ ಜನ ನಂಬಿದ್ದಾರೆ. ನಾಯಿಗಾದರೆ ಬೆಕ್ಕಿಗೂ ಆದೀತು ಅಂತ ಪಾತಿಯ ನಾಲ್ಕು ಮೂಲೆಗೆ ಇಟ್ಟೆ. ಆ ಪಟ್ಟೆ ಬೆಕ್ಕು ಬಾಟಲಿಗೆ ಒರಗಿಕೊಂಡು ಮಲಗಿತ್ತು. ಕಿತ್ತಳೆ ಸಿಪ್ಪೆ ಎರಡು ದಿನ ಕೆಲಸ ಮಾಡಿತು, ಒಣಗಿದ ಮೇಲೆ ಇಲ್ಲ. ನುಸಿಗುಳಿಗೆ ಹಾಕು ಅಂತ ಒಬ್ಬರು ಹೇಳಿದರು. ದಯವಿಟ್ಟು ಹಾಕಬೇಡ. ಅದು ಬೆಕ್ಕಿಗೆ ವಿಷ. ನಾವು ತಿನ್ನುವ ಸೊಪ್ಪಿನ ಮಣ್ಣಿಗೂ ಬೇಡ, ಮಕ್ಕಳು ಪೆಪ್ಪರ್‌ಮೆಂಟು ಅಂತ ಬಾಯಿಗೆ ಹಾಕಿಕೊಂಡರೆ ಇನ್ನೂ ಕಷ್ಟ. ಫಿನಾಯಿಲೂ ಅಷ್ಟೇ, ಅವು ಕಾಲು ನೆಕ್ಕಿಕೊಳ್ಳುತ್ತವೆ, ಮೈಯೊಳಗೆ ಹೋಗುತ್ತದೆ. ಖಾರದ ಪುಡಿಯೂ ಬೇಡ, ಪಂಜ ಕಣ್ಣು ಉರಿದು ಒದ್ದಾಡುತ್ತವೆ. ಇನ್ನು ನಿಮ್ಮ ಬೀದಿಯವರೊಬ್ಬರು ಅನ್ನದಲ್ಲಿ ಏನೋ ಕಲಸಿ ಇಡೋಣ ಅಂದರಂತಲ್ಲ, ಅವರಿಗೆ ಹೇಳು, 1960ರಿಂದಲೇ ಪ್ರಾಣಿ ಹಿಂಸೆಯ ವಿರುದ್ಧ ಕಾನೂನಿದೆ, ಕೇಸ್ ಆಗುತ್ತದೆ ಅಂತ.

ಕೊನೆಗೆ ಗೆದ್ದದ್ದು ಕೋಳಿಗೂಡಿಗೆ ಕಟ್ಟುವ ತಂತಿ ಜಾಲರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಒಂದಿಂಚು ಕಣ್ಣಿನದು ಸಾಕು. ಬೀಜ ಹಾಕಿ ನೀರು ಚಿಮುಕಿಸಿ, ಜಾಲರಿಯನ್ನು ಮಣ್ಣಿನ ಮೇಲೇ ಚಾಪೆಯ ಹಾಗೆ ಹಾಸಿಬಿಡು. ಅಂಚು ಮೇಲೇಳದಂತೆ ತಂತಿ ತುಂಡನ್ನು ಬಗ್ಗಿಸಿ ಚುಚ್ಚು. ಪಂಜ ಇಟ್ಟು ಕೆರೆದರೆ ಮಣ್ಣು ಸಿಗುವುದಿಲ್ಲ, ತಂತಿ ಸಿಗುತ್ತದೆ. ಎರಡು ಸಲ ನೋಡಿ ಹೋಗಿಬಿಡುತ್ತವೆ. ಮೊಳಕೆ ಕಣ್ಣಿನ ಒಳಗಿಂದ ತಾನೇ ಮೇಲೆ ಬರುತ್ತದೆ. ಕೊತ್ತಂಬರಿ, ಮೆಂತ್ಯ, ಪಾಲಕ್ ಎಲ್ಲಕ್ಕೂ ಇದೇ. ಟೊಮೇಟೊ, ಬದನೆ ಥರ ದೂರ ದೂರ ನೆಡುವ ಗಿಡಗಳಿಗೆ ಜಾಲರಿ ಕಿರಿಕಿರಿ. ಅಲ್ಲಿ ತೆಂಗಿನ ಗರಿಯ ಕಡ್ಡಿಗಳನ್ನು ಗೇಣಿಗೊಂದರಂತೆ ನೆಟ್ಟಗೆ ಚುಚ್ಚಿದೆ. ಬೆಕ್ಕಿಗೆ ಸುತ್ತು ತಿರುಗಿ ಕೂರಲು ಜಾಗವೇ ಇರುವುದಿಲ್ಲ. ನಿಂಬೆ ಗಿಡ ಸವರಿದ ಮುಳ್ಳುಕಡ್ಡಿಯನ್ನೂ ಹರಡಿ ನೋಡಿದೆ. ಬೆಕ್ಕು ಬರಲಿಲ್ಲ ನಿಜ, ಕಳೆ ಕೀಳಲು ಹೋದಾಗ ನನ್ನ ಕೈಗೇ ಚುಚ್ಚಿತು.

ನಿನ್ನ ಪಾತಿಯಲ್ಲಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಹಾಕಿದ್ದೀಯಾ? ಒಣಗಿದ ಕೊಕೊಪೀಟ್ ಬೆಕ್ಕಿಗೆ ಮೆತ್ತಗೆ, ಬಲು ಇಷ್ಟ. ಸಂಜೆ ನೀರು ಹಾಕಿ ಒದ್ದೆ ಇಡು. ಎಲುಬಿನ ಪುಡಿ, ಮೀನು ತೊಳೆದ ನೀರು ಹಾಕುತ್ತಿದ್ದರೆ ನಿಲ್ಲಿಸು, ಆ ವಾಸನೆಗೇ ಬರುತ್ತವೆ.

ಒಂದು ತಮಾಷೆ. ಪಾತಿಯ ಅಂಚಿನಲ್ಲಿ ಕಳೆ ಕಿತ್ತು ಗುಡ್ಡೆ ಹಾಕಿದ್ದೆ. ಸಂಜೆ ನೋಡಿದರೆ ಆ ಗಂಡು ಬೆಕ್ಕು ಅದರ ಮೇಲೆ ಕುಡುಕನ ಹಾಗೆ ಹೊರಳಾಡುತ್ತಿದೆ! ಬೇರು ಕಚ್ಚುತ್ತದೆ, ಕೆನ್ನೆ ಉಜ್ಜುತ್ತದೆ. ಯಾವ ಗಿಡ ಅಂತ ನೋಡಿದರೆ ಕುಪ್ಪಿಗಿಡ. ಅದರ ಬೇರು ಅಂದರೆ ಬೆಕ್ಕುಗಳಿಗೆ ಹುಚ್ಚು. ಮಲಯಾಳದಲ್ಲಿ ಇದಕ್ಕೆ ಪೂಚಮಯಕ್ಕಿ ಅನ್ನುತ್ತಾರೆ, ಬೆಕ್ಕಿಗೆ ಮಂಕು ಕವಿಸುವುದು ಅಂತ. ಈಗ ಕಿತ್ತ ಕೂಡಲೇ ಆಚೆ ಹಾಕುತ್ತೇನೆ. ಸುಳ್ಳು ಯಾಕೆ, ಒಂದೊಂದು ಸಲ ಸುಮ್ನೆ ಒಂದು ಬೇರು ಬಿಟ್ಟು ನೋಡುತ್ತಾ ಕೂರುತ್ತೇನೆ.

ಜಾಲರಿ ಹಾಕಿದ ಮೇಲೆ ಅವು ಎಲ್ಲಿ ಹೋಗಬೇಕು? ಪಕ್ಕದವರ ಹೂಕುಂಡಕ್ಕೆ. ಅದಕ್ಕೆ ಹಿತ್ತಲ ಕೊನೆ ಮೂಲೆಯಲ್ಲಿ ಮೂರಡಿಗೆ ಎರಡಡಿ ಗುಂಡಿ ತೋಡಿ ಸಣ್ಣ ಮರಳು ತುಂಬಿ, ಮೇಲೆ ಹಳೆ ಶೀಟು ಅಡ್ಡ ಇಟ್ಟೆ. ಪಾತಿಯಲ್ಲಿದ್ದ ಒಂದು ಉಂಡೆಯನ್ನು ತೆಗೆದು ಅದರಲ್ಲಿ ಹೂತಿಟ್ಟೆ, ವಿಳಾಸ ಬದಲಾಗಿದೆ ಅಂತ ಅವಕ್ಕೆ ಗೊತ್ತಾಗಲಿ ಅಂತ. ಒಂದು ವಾರದಲ್ಲಿ ಒಗ್ಗಿಕೊಂಡವು. ದಿನಾ ಕರಣೆಯಲ್ಲಿ ತೆಗೆದು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತೇನೆ. ನನ್ನ ಹೆಂಡತಿ "ಮೊಮ್ಮಗುವಿನದು ತೊಳೆಯೋ ವಯಸ್ಸಲ್ಲಿ ಇದು ನೋಡಿ" ಅನ್ನುತ್ತಾಳೆ. ಅನ್ನಲಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡ.

ಈಗ ಮುಖ್ಯ ವಿಷಯ. ಮಗಳು ಸೀಮಂತ ಮುಗಿಸಿಕೊಂಡು ತವರಿಗೆ ಬರುತ್ತಾಳೆ ಅಂದೆಯಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಅಂತ ಒಂದು ಜೀವಿಯ ಮೊಟ್ಟೆಗಳು ಇರಬಹುದು. ಇಲಿ, ಹಕ್ಕಿ ತಿಂದ ಬೆಕ್ಕಿಗೆ ಅದು ಅಂಟುತ್ತದೆ. ಮೊದಲ ಸಲ ಅಂಟಿದಾಗ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರ ಆ ಮೊಟ್ಟೆಗಳನ್ನು ಕಕ್ಕದಲ್ಲಿ ಹೊರಗೆ ಹಾಕುತ್ತದೆ. ಹಾಕಿದ ತಕ್ಷಣ ಅದರಿಂದ ರೋಗ ಹರಡುವುದಿಲ್ಲ, 1ರಿಂದ 5 ದಿನ ಬೇಕು. ಆದರೆ ಒದ್ದೆ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಉಳಿಯಬಲ್ಲದು. ಗರ್ಭಿಣಿಗೆ ಹೊಸದಾಗಿ ಅಂಟಿದರೆ ಹೊಟ್ಟೆಯ ಮಗುವಿಗೆ ತೊಂದರೆ ಆಗಬಹುದು. ಹೆದರಿಸುತ್ತಿಲ್ಲ. ಬೆಕ್ಕು ಮುಟ್ಟಿದರೇ ಬಂದುಬಿಡುತ್ತದೆ ಅಂತಲೂ ಅಲ್ಲ. ಅವಳು ಮಣ್ಣಿಗೆ ಕೈ ಹಾಕುವುದು ಬೇಡ, ಅಷ್ಟೇ. ಪಾತಿಯ ಕೆಲಸ ನೀನು ಮಾಡು, ಗ್ಲೌಸ್ ಹಾಕಿಕೋ, ಆಮೇಲೆ ಸೋಪಿನಲ್ಲಿ ಕೈ ತೊಳಿ. ಸೊಪ್ಪನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯಲಿ. ಹಸಿ ಕೊತ್ತಂಬರಿ ಉದುರಿಸುವುದು ಹೆರಿಗೆ ಆಗುವವರೆಗೆ ಬಿಡಿ. ಡಾಕ್ಟರಿಗೂ ಒಂದು ಮಾತು ಹೇಳಿ.

ಟೀಚರ್ ತಮ್ಮ ಬೆಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದಾರೆ. ಈಗ ಆ ಪಟ್ಟೆ ಬೆಕ್ಕನ್ನೂ ಹಿಡಿದು ಮಾಡಿಸಬೇಕು ಅಂತ ನಾವಿಬ್ಬರೂ ಸೇರಿ ಯೋಚಿಸುತ್ತಿದ್ದೇವೆ. ಗಬ್ಬವಾದ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಯೇ ಐದಾರು ತಿಂಗಳಿಗೆ ಮತ್ತೆ ಗಬ್ಬವಾಗಬಹುದು. ನನ್ನ ಮರಳಿನ ಗುಂಡಿ ಎಷ್ಟಕ್ಕೆ ಅಂತ ತಾಳೀತು?

ನನ್ನ ಹತ್ತಿರ ಜಾಲರಿ ಸುಮಾರು ಹತ್ತಡಿ ಉಳಿದಿದೆ. ಸೀಮಂತಕ್ಕೆ ಬರುವಾಗ ತರುತ್ತೇನೆ. ಪಾತಿ ಅಳೆದು ಹೇಳು, ಸಾಲದಿದ್ದರೆ ಇನ್ನಷ್ಟು ಕೊಂಡುಕೊಳ್ಳುತ್ತೇನೆ.

ನಿನ್ನ,
ಮೈಸೂರಿನ ಗೆಳೆಯ