ಮೂರು ನಿಮಿಷದ ಶಾಟ್ ಮತ್ತು ಅದನ್ನು ಹೊತ್ತವರು

ಸಂಪಾದಕರಿಗೆ,

ಮಾನ್ಯರೇ,

ಸಿನಿಮಾ ಪುಟಗಳಲ್ಲಿ ಈಚೆಗೆ ‘ಸಿಂಗಲ್ ಟೇಕ್’, ಅಂದರೆ ಎಲ್ಲೂ ಕಟ್ ಮಾಡದೆ ಒಂದೇ ಓಟದಲ್ಲಿ ತೆಗೆದ ದೃಶ್ಯ, ಎಂಬ ಮಾತು ಬಹಳ ಓಡಾಡುತ್ತಿದೆ. ಇಂಥ ಫೈಟ್ ನಾಲ್ಕು ನಿಮಿಷ, ಇಂಥ ಎಂಟ್ರಿ ಆರು ನಿಮಿಷ ಎಂದು ಗಡಿಯಾರ ಹಿಡಿದು ಬರೆದರೆ ವಿಮರ್ಶೆ ಮುಗಿಯಿತು. ಹೀಗೆ ಬರೆಯುವವರೆಲ್ಲ ತಪ್ಪದೆ ಹೆಸರಿಸುವ ಶಾಟ್ ಒಂದಿದೆ: 1990ರ ‘ಗುಡ್‌ಫೆಲ್ಲಾಸ್’ ಚಿತ್ರದ ಕೋಪಕಬಾನಾ ಶಾಟ್. ಅದು ಇರುವುದು ಸುಮಾರು ಮೂರು ನಿಮಿಷ ಅಷ್ಟೇ. ಮೂವತ್ತು ವರ್ಷ ಕಳೆದರೂ ಜನ ಅದನ್ನು ಬಿಡದಿರುವುದಕ್ಕೆ ಉದ್ದ ಕಾರಣವಲ್ಲ.

ನಿರ್ದೇಶನ ಮಾರ್ಟಿನ್ ಸ್ಕಾರ್ಸೇಸಿ, ಛಾಯಾಗ್ರಹಣ ಮೈಕೆಲ್ ಬಾಲ್‌ಹೌಸ್. ನಡೆಯುವಾಗಲೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಸ್ಟೆಡಿಕ್ಯಾಮ್ ಎಂಬ ಸಾಧನದಲ್ಲಿ ಕ್ಯಾಮೆರಾವನ್ನು ಮೈಮೇಲೆ ಹೊತ್ತು ನಡೆದವರು ಆಪರೇಟರ್ ಲ್ಯಾರಿ ಮೆಕಾಂಕಿ. ನ್ಯೂಯಾರ್ಕಿನ ಕೋಪಕಬಾನಾ ಕ್ಲಬ್ಬಿನ ಎದುರು ರಸ್ತೆಯಾಚೆ ಗ್ಯಾಂಗ್‌ಸ್ಟರ್ ಹೆನ್ರಿ ಹಿಲ್ (ರೇ ಲಿಯೋಟಾ) ಕಾರು ನೋಡಿಕೊಳ್ಳುವವನ ಕೈಗೆ ಕೀಲಿ, ದುಡ್ಡು ಕೊಡುವಲ್ಲಿಂದ ಶಾಟ್ ಶುರು. ಗೆಳತಿ ಕ್ಯಾರನ್ (ಲೊರೇನ್ ಬ್ರಾಕೊ) ಜೊತೆ ರಸ್ತೆ ದಾಟುತ್ತಾನೆ. ಮುಂಬಾಗಿಲ ಸಾಲನ್ನು ಬಿಟ್ಟು ಪಕ್ಕದ ಮೆಟ್ಟಿಲಿಳಿದು, ಓಣಿಯಂಥ ಕಾರಿಡಾರು, ಅಡುಗೆಮನೆ ಹಾದು, ಕ್ಲಬ್ಬಿನ ಒಳಗೆ ವೇದಿಕೆಯ ಮುಂದಕ್ಕೇ ಬರುತ್ತಾನೆ. ಹಿನ್ನೆಲೆಯಲ್ಲಿ ‘ದಿ ಕ್ರಿಸ್ಟಲ್ಸ್’ ತಂಡದ 1963ರ ಪ್ರೇಮಗೀತೆ. ದಾರಿಯುದ್ದಕ್ಕೂ ಇಪ್ಪತ್ತು ಡಾಲರಿನ ನೋಟುಗಳು ಕೈ ಬದಲಾಯಿಸುತ್ತವೆ, ಬಾಗಿಲುಗಳು ತೆರೆಯುತ್ತವೆ. ಎಲ್ಲೂ ಕಟ್ ಇಲ್ಲ, ಏಕೆಂದರೆ ಈ ಮನುಷ್ಯನನ್ನು ತಡೆಯುವವರು ಎಲ್ಲೂ ಇಲ್ಲ. ಕ್ಯಾರನ್ ಮರುಳಾಗುತ್ತಿರುವುದು ಇದಕ್ಕೇ. ಏನು ಕೆಲಸ ಮಾಡುತ್ತೀಯ ಎಂದು ಅವಳು ಕೇಳುವುದು ಮೇಜಿಗೆ ಕೂತ ಮೇಲೆ. ಕಟ್ಟಡದ ಕೆಲಸ ಎನ್ನುತ್ತಾನೆ. ಅವಳು ಪೂರ್ತಿ ನಂಬುವುದಿಲ್ಲ, ಎದ್ದೂ ಹೋಗುವುದಿಲ್ಲ.

ಈ ಶಾಟಿನ ಮುಖ್ಯ ತೊಡಕು ಏನೆಂದು ಬರೆದವರು ಕಡಿಮೆ. ನಟರು ಮುಂದೆ, ಕ್ಯಾಮೆರಾ ಹಿಂದೆ. ಹಾಗಾಗಿ ಹೆಚ್ಚಿನ ಹೊತ್ತು ಕಾಣುವುದು ಎರಡು ಬೆನ್ನು. ಬರೀ ಬೆನ್ನು ನೋಡುತ್ತಾ ಅರ್ಧ ನಿಮಿಷ ಕಳೆದರೆ ಸಾಕು, ಪ್ರೇಕ್ಷಕ ಆಕಳಿಸುತ್ತಾನೆ. ಜೊತೆಗೆ ಅಂತರದ ಸಮಸ್ಯೆ. ರಸ್ತೆಯಲ್ಲಿ ಸಾಲು, ಕ್ಲಬ್ಬಿನ ಮುಂಭಾಗ ಎಲ್ಲ ಕಾಣಬೇಕಾದರೆ ಕ್ಯಾಮೆರಾ ದೂರ ನಿಲ್ಲಬೇಕು. ಮೆಟ್ಟಿಲ ಬಾಯಿಗೆ ಬರುವಷ್ಟರಲ್ಲಿ ನಟರ ಬೆನ್ನಿಗೇ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಅವರು ತಿರುವಿನಲ್ಲಿ ಮಾಯ. ಅಷ್ಟು ಭಾರ ಹೊತ್ತವನು ಓಡಿ ಹಿಡಿಯಲಾರ. ಆದ್ದರಿಂದ ನಟರನ್ನೇ ತಡೆದು ನಿಲ್ಲಿಸಬೇಕು, ನಿಲ್ಲಿಸಿದ್ದು ಗೊತ್ತಾಗಲೂಬಾರದು. ಬಾಗಿಲಲ್ಲಿರುವವನಿಗೆ ಹೆನ್ರಿ ನೋಟು ಕೊಡಲು ನಿಲ್ಲುವ ಆ ಒಂದು ಗಳಿಗೆಯಲ್ಲಿ ಕ್ಯಾಮೆರಾ ಹತ್ತಿರ ಬಂದುಬಿಡುತ್ತದೆ. ಕಾರಿಡಾರಿನಲ್ಲಿ ತಬ್ಬಿಕೊಂಡು ನಿಂತ ಜೋಡಿಯನ್ನು ಹೆನ್ರಿ, ನಿಮಗೆ ಬೇರೆ ಕೆಲಸವಿಲ್ಲವೇ ಎಂದು ಛೇಡಿಸುತ್ತಾನಲ್ಲ, ಆಗ ಅವನ ಮುಖ ನಮ್ಮ ಕಡೆ ತಿರುಗುತ್ತದೆ. ಇಂಥ ಚಿಕ್ಕ ಚಿಕ್ಕ ಭೇಟಿಗಳನ್ನು ಹೆಣೆದದ್ದು ಕ್ಯಾಮೆರಾದ ಅಗತ್ಯಕ್ಕೂ ಹೌದು ಎಂದು ಮೆಕಾಂಕಿ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಪರದೆಯ ಮೇಲೆ ನೋಡುವಾಗ ಮಾತ್ರ ಅದು ಹೆನ್ರಿಯ ವರ್ಚಸ್ಸು: ಇವನಿಗೆ ಎಲ್ಲರೂ ಗೊತ್ತು!

ಅಡುಗೆಮನೆಯನ್ನು ಇನ್ನೊಮ್ಮೆ ಗಮನಿಸಿ ನೋಡಿ. ಒಳಗೆ ಹೊಕ್ಕವರು ಒಂದು ಸುತ್ತು ಹಾಕಿ ಅದೇ ಬಾಗಿಲಿಂದ ಹೊರಬರುತ್ತಾರೆ. ಕ್ಲಬ್ಬಿಗೆ ಹೋಗಲು ಅಡುಗೆಮನೆ ಹಾಯುವ ಅಗತ್ಯವೇ ಇರಲಿಲ್ಲ. ಆದರೂ ಬಾಣಸಿಗರು, ಹಬೆ, ಗದ್ದಲದ ನಡುವೆ ಮಾಲೀಕನ ಹಾಗೆ ನಡೆದುಹೋಗುವವನನ್ನು ನೋಡುವಾಗ ಯಾರಿಗೂ ಈ ಲೆಕ್ಕ ಹೊಳೆಯುವುದಿಲ್ಲ.

ಇನ್ನು ಯಂತ್ರದ ವಿಷಯ. ಸ್ಟೆಡಿಕ್ಯಾಮ್ ಗ್ಯಾರೆಟ್ ಬ್ರೌನ್ ಅವರ 1970ರ ದಶಕದ ಆವಿಷ್ಕಾರ. ಎದೆಗೆ ಕಟ್ಟುವ ಕವಚ, ಅದಕ್ಕೆ ಸ್ಪ್ರಿಂಗ್ ಇರುವ ತೋಳು, ತೋಳಿನ ತುದಿಯ ಗಿಂಬಲ್‌ನಲ್ಲಿ (ಎಲ್ಲ ದಿಕ್ಕಿಗೂ ಸರಾಗವಾಗಿ ತಿರುಗುವ ಕೀಲು) ತೂಗುವ ಕಂಬ. ಕಂಬದ ಮೇಲೆ ಕ್ಯಾಮೆರಾ, ಕೆಳಗೆ ಮಾನಿಟರ್ ಮತ್ತು ಬ್ಯಾಟರಿ. ಇಡೀ ಕಸುಬು ನಿಂತಿರುವುದು ತೂಕದ ಹದದ ಮೇಲೆ. ಕಂಬವನ್ನು ಅಡ್ಡ ಹಿಡಿದು ಬಿಟ್ಟರೆ ಅದು ನೆಟ್ಟಗಾಗಲು ಎರಡರಿಂದ ಮೂರು ಸೆಕೆಂಡು ಹಿಡಿಯಬೇಕು. ಬೇಗ ನೆಟ್ಟಗಾದರೆ ಕೆಳಭಾರ ಜಾಸ್ತಿ ಎಂದರ್ಥ. ನಡೆಯಲು ಶುರು ಮಾಡಿದಾಗ, ನಿಂತಾಗ ಫ್ರೇಮು ಲೋಲಕದಂತೆ ತೂಗುತ್ತದೆ. ತೀರ ನಿಧಾನವಾದರೆ ತಾನಾಗಿ ನೆಟ್ಟಗೆ ನಿಲ್ಲುವ ಗುಣ ಹೋಗಿ ದಿಗಂತರೇಖೆ ವಾಲುತ್ತದೆ. ಗಿಂಬಲ್ ಬಳಿ ಬೆರಳು ಬಿಗಿ ಹಿಡಿದರೂ ಇದೇ ಗತಿ.

ಆಗ ಫಿಲಂ ಕಾಲ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ಮ್ಯಾಗಜೀನ್ (ಫಿಲಂ ಸುರುಳಿಯ ಡಬ್ಬಿ) ಹಾಕಿದರೆ ಸಿಗುವುದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ. 1,000 ಅಡಿಯದು ಹನ್ನೊಂದು ನಿಮಿಷ ಕೊಡುತ್ತದೆ, ಆದರೆ ಆ ಭಾರ ಹೊತ್ತು ಮೆಟ್ಟಿಲಿಳಿಯುವವರ ಸೊಂಟವನ್ನೇ ಕೇಳಬೇಕು. ಮೂರು ನಿಮಿಷದ ಶಾಟಿಗೆ ಖರ್ಚಾಗುವುದು 270 ಅಡಿ. ಹೀಗಾಗಿ 400 ಅಡಿಯ ಮ್ಯಾಗಜೀನಿನಲ್ಲಿ ಟೇಕ್ ಕೊನೆಯ ಹೊತ್ತಿಗೆ ಹಾಳಾದರೆ ಉಳಿದ ತುಂಡು ಇನ್ನೊಂದಕ್ಕೆ ಸಾಲದು, ಹೊಸದಾಗಿ ಲೋಡ್ ಮಾಡಬೇಕು. ಫೋಕಸ್ ನೋಡುವ ಸಹಾಯಕ (ಫೋಕಸ್ ಪುಲ್ಲರ್) ದೂರದಿಂದ ರಿಮೋಟ್ ತಿರುಗಿಸುತ್ತಾ ಅಂತರವನ್ನು ಕಣ್ಣಳತೆಯಲ್ಲೇ ಹಿಡಿಯಬೇಕು. ಕತ್ತಲೆಯಿದ್ದಲ್ಲಿ ಲೆನ್ಸ್ ಪೂರ್ತಿ ತೆರೆದಿರುತ್ತದೆ, ಆಗ ಒಂದಡಿ ತಪ್ಪಿದರೂ ಮುಖ ಮಸುಕು. ಅದು ಖಚಿತವಾಗುವುದು ಲ್ಯಾಬಿನಿಂದ ರಷಸ್, ಅಂದರೆ ಫಿಲಂ ಸಂಸ್ಕರಿಸಿ ತೆಗೆದ ಮೊದಲ ಪ್ರತಿ, ಬಂದ ಮೇಲೆ.

ಕೊನೆಯ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಬಿಳಿ ಬಟ್ಟೆ ಹೊದಿಸಿದ ಮೇಜನ್ನು ಮಾಣಿ ಎತ್ತಿಕೊಂಡು ಬರುತ್ತಾನೆ. ಹೆನ್ರಿ, ಕ್ಯಾರನ್ ಇಬ್ಬರನ್ನೂ ಒಂದು ಕ್ಷಣ ಮರೆತು ಕ್ಯಾಮೆರಾ ಮೇಜಿನ ಹಿಂದೆ ಹೋಗುತ್ತದೆ, ಆ ಮೇಜು ಎಲ್ಲರಿಗಿಂತ ಮುಂದೆ ಕೂರುತ್ತದೆ. ಪಕ್ಕದ ಮೇಜಿನಿಂದ ವೈನ್ ಬರುತ್ತದೆ. ಆಮೇಲೆ ಕ್ಯಾಮೆರಾ ವೇದಿಕೆಯ ಕಡೆ ತಿರುಗಿದರೆ ಹಾಸ್ಯಗಾರ ಹೆನಿ ಯಂಗ್‌ಮನ್. ಅಲ್ಲಿ ಒಂದು ಮಾತು ತಡವರಿಸಿದರೆ ರಸ್ತೆಯಾಚೆಯ ಕಾರಿನಿಂದ ಎಲ್ಲರೂ ಮತ್ತೆ ಶುರು ಮಾಡಬೇಕು.

ಈಗ ಮೋಟಾರುಗಳಿಂದ ಕ್ಯಾಮೆರಾವನ್ನು ನೆಟ್ಟಗಿಡುವ ಎಲೆಕ್ಟ್ರಾನಿಕ್ ಗಿಂಬಲ್ ಬಾಡಿಗೆಗೆ ಸಿಗುತ್ತದೆ, ಕಾರ್ಡಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಆದರೂ ನಕಲುಗಳು ಸಪ್ಪೆ ಅನ್ನಿಸುವುದಕ್ಕೆ ಕಾರಣಗಳಿವೆ. ಮೂರು ಅಕ್ಷದ ಗಿಂಬಲ್ ಓರೆ, ತಿರುವು, ಬಾಗುವಿಕೆಯನ್ನು ಸರಿಮಾಡುತ್ತದೆ. ಹೆಜ್ಜೆಯ ಮೇಲೆ-ಕೆಳಗಿನ ಕುಲುಕಾಟವನ್ನು ಅದು ತಡೆಯುವುದಿಲ್ಲ. ಅದಕ್ಕೆ ಸ್ಪ್ರಿಂಗ್ ತೋಳೇ ಬೇಕು. ಕಾರಿಡಾರಿನ ಗೋಡೆಯ ಅಂಚು ಎಷ್ಟು ಹತ್ತಿರವೋ ಈ ಕುಲುಕಾಟ ಅಷ್ಟು ಎದ್ದು ಕಾಣುತ್ತದೆ. ಹಿಡಿದವನು ತಿರುಗಿದಂತೆ ತಾನೂ ತಿರುಗುವ ಫಾಲೋ ಮೋಡ್‌ನಲ್ಲಿ ಬಿಟ್ಟರೆ ತಿರುವಿನಲ್ಲಿ ಕ್ಯಾಮೆರಾ ತಡವಾಗಿ ತಿರುಗುತ್ತದೆ, ನಟ ಆಗಲೇ ಫ್ರೇಮಿನಾಚೆ. ಇವೆಲ್ಲ ಅಭ್ಯಾಸದಿಂದ ಸರಿಹೋಗುವಂಥವು. ಸರಿಹೋಗದ್ದು ಇನ್ನೊಂದು: ನಾಯಕ ಎಲ್ಲಿಗೆ, ಏಕೆ ನಡೆಯುತ್ತಿದ್ದಾನೆ ಎಂಬುದು ಬರೆದವರಿಗೇ ಗೊತ್ತಿಲ್ಲದಿರುವುದು.

‘ಗುಡ್‌ಫೆಲ್ಲಾಸ್’ ಅದೇ ಉಪಾಯಕ್ಕೆ ಜೋತುಬಿದ್ದ ಚಿತ್ರವೂ ಅಲ್ಲ. ಕೊನೆಗೆ ಕೊಕೇನ್ ನಶೆಯಲ್ಲಿ, ತಲೆಯ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿದೆ ಎಂಬ ಭಯದಲ್ಲಿ ಹೆನ್ರಿ ಕಳೆಯುವ ದಿನವನ್ನು ಸಂಕಲನಕಾರ್ತಿ ಥೆಲ್ಮಾ ಶೂನ್‌ಮೇಕರ್ ಚೂರುಚೂರಾಗಿ ಕತ್ತರಿಸಿದ್ದಾರೆ. ಎರಡೂ ದೃಶ್ಯಗಳನ್ನು ಒಂದರ ಬೆನ್ನಿಗೆ ಒಂದು ನೋಡಿ. ಕೋಪಕಬಾನಾದಲ್ಲಿ ಏಕೆ ಕತ್ತರಿ ಆಡಿಸಲಿಲ್ಲ ಎಂಬುದು ಹೇಳದೆಯೇ ತಿಳಿಯುತ್ತದೆ.

ಪತ್ರಿಕೆಗೆ ಒಂದು ಕೋರಿಕೆ. ಇಂಥ ಶಾಟ್‌ಗಳ ಬಗ್ಗೆ ಬರೆಯುವಾಗ ನಿರ್ದೇಶಕ, ಛಾಯಾಗ್ರಾಹಕರ ಜೊತೆಗೆ ಆಪರೇಟರ್ ಮತ್ತು ಫೋಕಸ್ ಪುಲ್ಲರ್ ಹೆಸರನ್ನೂ ಹಾಕಿ. ಕನ್ನಡ ಚಿತ್ರಗಳ ಮಟ್ಟಿಗೆ ಇದು ಕಷ್ಟವೇನಲ್ಲ, ನಿರ್ಮಾಣ ಸಂಸ್ಥೆಗೆ ಒಂದು ಫೋನ್ ಮಾಡಿದರೆ ಸಿಗುತ್ತದೆ.

ಇತಿ,
ಒಬ್ಬ ಕ್ಯಾಮೆರಾ ತಂತ್ರಜ್ಞ
ಬೆಂಗಳೂರು